ಕೌಬಾಯ್ ಬಯಲಿನ ಆ ಸದ್ದು ಎಲ್ಲಿ ಹುಟ್ಟಿತು?

ಓದುಗರೊಬ್ಬರ ಪ್ರಶ್ನೆ: ಹಳೇ ಕೌಬಾಯ್ ಸಿನಿಮಾ ಶುರುವಾದ ಕೂಡಲೇ ಒಂದು ದೊಡ್ಡ ಆರ್ಕೆಸ್ಟ್ರಾ ಬರುತ್ತದೆ. ಕಣ್ಣು ಮುಚ್ಚಿ ಕೇಳಿದರೂ ಬಯಲು, ಕುದುರೆ, ಆಕಾಶ ಎಲ್ಲ ಕಂಡ ಹಾಗಾಗುತ್ತದೆ. ಇದು ನಿಜವಾಗಿ ಆ ಕಾಲದ ಜನ ಕೇಳುತ್ತಿದ್ದ ಸಂಗೀತವೇ? ಅದರಲ್ಲಿ ಏನಿದೆ ಅಂತ ಹಾಗನಿಸುತ್ತದೆ? ನನಗೆ ಕರ್ನಾಟಕ ಸಂಗೀತ ಅಲ್ಪಸ್ವಲ್ಪ ಗೊತ್ತು, ಪಾಶ್ಚಾತ್ಯ ಸಂಗೀತದ ಗಂಧಗಾಳಿ ಇಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ:

ಮೊದಲನೆಯದಕ್ಕೆ ನೇರವಾಗಿ ಹೇಳಿಬಿಡುತ್ತೇನೆ. ಅಲ್ಲ. ಟೆಕ್ಸಸ್‌ನಿಂದ ಕಾನ್ಸಸ್‌ವರೆಗೆ ದನದ ಮಂದೆ ಹೊಡೆದುಕೊಂಡು ಹೋಗುತ್ತಿದ್ದವರಲ್ಲಿ ಬಹುಪಾಲು ಜನ ಬದುಕಿನಲ್ಲಿ ಒಮ್ಮೆಯೂ ಸಿಂಫನಿ ಆರ್ಕೆಸ್ಟ್ರಾ ಕೇಳಿರಲಿಕ್ಕಿಲ್ಲ. ಅವರ ಹತ್ತಿರ ಇದ್ದದ್ದು ಪಿಟೀಲು, ಬ್ಯಾಂಜೋ, ಮೌತ್ ಆರ್ಗನ್, ಚರ್ಚಿನ ಹಾಡು, ಮತ್ತೆ ಅವರವರ ಗಂಟಲು. ರಾತ್ರಿ ಕಾವಲಿನಲ್ಲಿ ಮಂದೆ ಬೆದರಿ ಓಡದಿರಲಿ ಅಂತ ನಿಧಾನವಾಗಿ ಹಾಡಿಕೊಂಡು ಕುದುರೆಯ ಮೇಲೆ ಸುತ್ತು ಹಾಕುತ್ತಿದ್ದರು. ಆ ದೊಡ್ಡ ದನ ಸಾಗಾಟದ ಕಾಲವೂ ಉದ್ದದ್ದೇನಲ್ಲ. 1866ರ ಸುಮಾರಿಗೆ ಶುರುವಾಗಿ ಇಪ್ಪತ್ತು ವರ್ಷದಲ್ಲಿ ಹೆಚ್ಚುಕಡಿಮೆ ಮುಗಿದೇ ಹೋಯಿತು. ಮುಳ್ಳುತಂತಿ ಬಂತು, ರೈಲು ಬಂತು, ಅಷ್ಟೇ. 1890ರ ಜನಗಣತಿ ಆದ ಮೇಲೆ, ಇಲ್ಲಿಂದಾಚೆ ವಲಸಿಗರ ವಸತಿ ಇಲ್ಲ ಅಂತ ನಕ್ಷೆಯಲ್ಲಿ ಗೆರೆ ಎಳೆಯುವ ಹಾಗೇ ಇಲ್ಲ ಅಂತ ಸರ್ಕಾರದ ಕಡೆಯವರೇ ಬರೆದರು.

ನಿಮಗೆ ಬಯಲು ಕಾಣಿಸುವ ಆ ಸದ್ದು ಹುಟ್ಟಿದ್ದು ಅದಾಗಿ ಸುಮಾರು ಐವತ್ತು ವರ್ಷಕ್ಕೆ. ಹುಟ್ಟಿಸಿದವರು ಹೆಚ್ಚಿನವರು ಪೇಟೆಯ ಜನ. ನನ್ನ ಅಭಿಪ್ರಾಯ ಕೇಳಿದರೆ, ಆ ಬಯಲು ಅರ್ಧ ಸ್ವರದಲ್ಲಿದೆ, ಇನ್ನರ್ಧ ಕೇಳುಗರು ತಾವೇ ತಂದು ಹಾಕಿದ್ದು. ಸುಮ್ನೆ ಹೇಳುತ್ತಿಲ್ಲ, ಇದಕ್ಕೆ ಒಳ್ಳೆಯ ಸಾಕ್ಷಿಯೇ ಇದೆ.

ಈ ಕಥೆಯ ಮುಖ್ಯ ವ್ಯಕ್ತಿ ಆರನ್ ಕಾಪ್ಲಂಡ್. 1900ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದವನು. ಲಿಥುವೇನಿಯಾ ಕಡೆಯಿಂದ ವಲಸೆ ಬಂದ ಯಹೂದಿ ಕುಟುಂಬ, ಮನೆಯವರದು ಅಂಗಡಿ ವ್ಯಾಪಾರ. ಇಪ್ಪತ್ತು ದಾಟಿದಾಗ ಪ್ಯಾರಿಸ್‌ಗೆ ಹೋಗಿ ನಾದಿಯಾ ಬುಲಾಂಜೆ ಎಂಬ ಗುರುವಿನ ಹತ್ತಿರ ಮೂರು ವರ್ಷ ಕಲಿತ. ವಾಪಸ್ ಬಂದು ಬರೆದದ್ದು ಜಾಝ್ ಬೆರೆಸಿದ ಸಂಗೀತ, ಆಮೇಲೆ ಇನ್ನೂ ಒಣಗಿದ, ಕಿವಿಗೆ ಗಟ್ಟಿಯಾದ ಆಧುನಿಕ ಸಂಗೀತ. 1930ರ ದಶಕದಲ್ಲಿ ಅಮೆರಿಕದಲ್ಲಿ ಆರ್ಥಿಕ ಕುಸಿತ, ಎಲ್ಲೆಲ್ಲೂ ನಿರುದ್ಯೋಗ. ಎಡಪಂಥದ ಕಡೆ ಒಲವಿದ್ದ ಕಲಾವಿದರೆಲ್ಲ, ನಾವು ಬರೆಯುವುದು ಯಾರಿಗಾಗಿ ಅಂತ ತಲೆ ಕೆಡಿಸಿಕೊಂಡ ಕಾಲ ಅದು. ಅದರ ಜೊತೆಗೆ ರೇಡಿಯೋ ಬಂದು ಕೂತಿತ್ತು, ಲಕ್ಷಗಟ್ಟಲೆ ಮನೆಗಳಲ್ಲಿ ಹೊಸ ಕೇಳುಗರು. ಕಾಪ್ಲಂಡ್ ಬೇಕೆಂದೇ ಸರಳವಾಗಿ ಬರೆಯಲು ಹೊರಟ.

ಈಗ ಸಾಕ್ಷಿಗೆ ಬರುತ್ತೇನೆ. 1937ರಲ್ಲಿ ಸಿಬಿಎಸ್ ರೇಡಿಯೋ ಅವನಿಂದ ಒಂದು ಕೃತಿ ಬರೆಸಿತು. ಅದಕ್ಕೆ ಇಟ್ಟ ಹೆಸರು ಸುಮ್ಮನೆ 'ರೇಡಿಯೋಗಾಗಿ ಸಂಗೀತ'. ಪ್ರಸಾರ ಆದ ಮೇಲೆ, ಇದಕ್ಕೊಂದು ಒಳ್ಳೆಯ ಹೆಸರು ಸೂಚಿಸಿ ಅಂತ ಕೇಳುಗರನ್ನು ಕರೆದರು. ಬಂದ ರಾಶಿ ಹೆಸರುಗಳಲ್ಲಿ ಆರಿಸಿದ್ದು 'ಸಾಗಾ ಆಫ್ ದ ಪ್ರೇರೀ', ಅಂದರೆ ಹುಲ್ಲುಬಯಲಿನ ಕಥನ. ಗಮನಿಸಿ, ಕಾಪ್ಲಂಡ್ ಆಗಿನ್ನೂ ತನ್ನ ಕೌಬಾಯ್ ಬ್ಯಾಲೆಗಳಲ್ಲಿ ಒಂದನ್ನೂ ಬರೆದಿರಲಿಲ್ಲ. ಬಯಲು ಅಂತ ಮೊದಲು ಹೆಸರು ಕೊಟ್ಟಿದ್ದು ರೇಡಿಯೋ ಮುಂದೆ ಕೂತಿದ್ದ ಒಬ್ಬ ಕೇಳುಗರು. ಅದೇ ಕೃತಿಯನ್ನು ಕಾಪ್ಲಂಡ್ ಎಷ್ಟೋ ವರ್ಷದ ಮೇಲೆ 'ಪ್ರೇರೀ ಜರ್ನಲ್' ಅಂತ ಕರೆದ.

ಇದೇ ಥರದ್ದು 1944ರಲ್ಲಿ ಮತ್ತೆ ಆಯಿತು. ನೃತ್ಯಗಾರ್ತಿ ಮಾರ್ಥಾ ಗ್ರಹಾಂಗಾಗಿ ಅವನು ಒಂದು ಬ್ಯಾಲೆ ಬರೆದ. ಪೆನ್ಸಿಲ್ವೇನಿಯಾದ ಒಂದು ಹೊಸ ತೋಟದ ಮನೆ, ಮದುವೆಯಾದ ಎಳೆಯ ಜೋಡಿ, ಒಬ್ಬ ಪಾದ್ರಿ, ನೆರೆಯ ಹಿರಿಯಾಕೆ. ಅವನ ಹಸ್ತಪ್ರತಿಯಲ್ಲಿದ್ದ ಹೆಸರು 'ಮಾರ್ಥಾಗೆ ಬ್ಯಾಲೆ' ಅಷ್ಟೇ. ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಮೊದಲ ಪ್ರದರ್ಶನ ಹತ್ತಿರ ಬಂದಾಗ ಗ್ರಹಾಂ ಒಂದು ಕವಿತೆಯ ಸಾಲಿನಿಂದ 'ಅಪಲಾಚಿಯನ್ ಸ್ಪ್ರಿಂಗ್' ಎಂಬ ಹೆಸರು ತೆಗೆದಳು. ಆಮೇಲೆ ಜೀವಮಾನವಿಡೀ ಜನ ಬಂದು, ನಿಮ್ಮ ಸಂಗೀತ ಕೇಳಿದರೆ ಅಪಲಾಚಿಯನ್ ಬೆಟ್ಟ ಕಣ್ಣಿಗೆ ಕಟ್ಟುತ್ತದೆ ಅಂತ ಅವನಿಗೇ ಹೇಳುತ್ತಿದ್ದರು. ಬರೆಯುವಾಗ ಅವನ ತಲೆಯಲ್ಲಿ ಯಾವ ಬೆಟ್ಟವೂ ಇರಲಿಲ್ಲ. ಇದನ್ನು ಅವನೇ ನಗುತ್ತಾ ಹೇಳಿಕೊಳ್ಳುತ್ತಿದ್ದ.

ಹಾಗಾದರೆ ಎಲ್ಲ ನಮ್ಮ ಭ್ರಮೆಯೇ? ಅದೂ ಅಲ್ಲ. ಸ್ವರದಲ್ಲಿ ಇರುವ ಅರ್ಧವನ್ನು ಈಗ ನೋಡೋಣ. ಕರ್ನಾಟಕ ಸಂಗೀತ ಗೊತ್ತಿದ್ದರೆ ಇದು ನಿಮಗೆ ಬೇಗ ಹಿಡಿಯುತ್ತದೆ.

ಕೌಬಾಯ್ ಕಾಲದ ಒಬ್ಬ ಹೆಸರಾಂತ ಬಂದೂಕಿನ ಪುಂಡನ ಕಥೆ ಹೇಳುವ 1938ರ 'ಬಿಲ್ಲಿ ದ ಕಿಡ್' ಬ್ಯಾಲೆಯ ಮೊದಲ ಭಾಗದ ಹೆಸರೇ 'ದಿ ಓಪನ್ ಪ್ರೇರೀ'. ಓಬೋ, ಕ್ಲಾರಿನೆಟ್ ಥರದ ಊದುವ ವಾದ್ಯಗಳು ಜೋಡಿಯಾಗಿ ಮೆಲ್ಲಗೆ ಶುರು ಮಾಡುತ್ತವೆ. ಜೋಡಿಯ ನಡುವಿನ ಅಂತರ ಷಡ್ಜ-ಪಂಚಮದ್ದು. ಎರಡೂ ಆ ಅಂತರವನ್ನು ಬಿಡದೆ ಒಟ್ಟಿಗೇ ಮೇಲೆ ಕೆಳಗೆ ಹೋಗುತ್ತವೆ. ಮಧ್ಯದಲ್ಲಿ ಗಾಂಧಾರ ಇಲ್ಲ. ಪಾಶ್ಚಾತ್ಯ ಹಾರ್ಮನಿಯಲ್ಲಿ ಒಂದು ಕಾರ್ಡ್‌ನ (ಒಟ್ಟಿಗೇ ನುಡಿಯುವ ಸ್ವರಗಳ ಗುಂಪಿನ) ಬಣ್ಣ ತೀರ್ಮಾನ ಆಗುವುದೇ ಗಾಂಧಾರದಿಂದ. ಅಂತರ ಗಾಂಧಾರ ಹಾಕಿದರೆ ಮೇಜರ್, ಸಾಧಾರಣ ಗಾಂಧಾರ ಹಾಕಿದರೆ ಮೈನರ್. ಸಂತೋಷವೋ ದುಃಖವೋ ಅಂತ ಯೂರೋಪಿನ ಕಿವಿ ಅಲ್ಲೇ ಓದುತ್ತದೆ. ಅದನ್ನು ಬಿಟ್ಟರೆ ಸದ್ದು ಯಾವ ಕಡೆಯೂ ವಾಲುವುದಿಲ್ಲ, ಖಾಲಿಯಾಗಿ ನಿಲ್ಲುತ್ತದೆ. ನಮ್ಮ ತಂಬೂರಿಯಲ್ಲೂ ಪ ಸ ಸ ಸ ತಾನೇ ಮೀಟುವುದು, ಅದರ ಮೇಲೆ ಕಲ್ಯಾಣಿಯನ್ನೂ ಹಾಡಬಹುದು, ತೋಡಿಯನ್ನೂ ಹಾಡಬಹುದು, ಅಲ್ವಾ? (ಚೆನ್ನಾಗಿ ಶ್ರುತಿ ಸೇರಿದ ತಂಬೂರಿಯಲ್ಲಿ ಅಂತರ ಗಾಂಧಾರ ತಾನಾಗಿ ಕೇಳಿಸುತ್ತದೆ ಅಂತ ನೀವು ಹೇಳಬಹುದು, ನಿಜ, ಆದರೆ ಅದನ್ನು ಯಾರೂ ಬೇಕೆಂದು ಮೀಟಿದ್ದಲ್ಲ.)

ಎರಡನೆಯದು ಸ್ವರಗಳನ್ನು ಹರಡುವ ರೀತಿ. ಹತ್ತೊಂಬತ್ತನೇ ಶತಮಾನದ ಜರ್ಮನ್ ಆರ್ಕೆಸ್ಟ್ರಾ ಕೇಳಿ ನೋಡಿ, ಮಧ್ಯ ಸ್ಥಾಯಿಯಲ್ಲಿ ಹಾರ್ನ್, ವಯೋಲಾ ಎಲ್ಲ ತುಂಬಿಕೊಂಡು ದಪ್ಪ ಸದ್ದು ಬರುತ್ತದೆ. ಕಾಪ್ಲಂಡ್ ಆ ನಡುವಿನ ಜಾಗವನ್ನು ಗುಡಿಸಿ ಹಾಕಿದ. ಕೆಳಗೆ ಮಂದ್ರದಲ್ಲಿ ಒಂದು ಬೇಸ್, ಮೇಲೆ ತಾರದಲ್ಲಿ ಕೊಳಲು ಅಥವಾ ಪಿಟೀಲು, ನಡುವೆ ಏನೂ ಇಲ್ಲ. ಅದರ ಜೊತೆಗೆ ಹಾರ್ಮನಿ ತುಂಬಾ ನಿಧಾನವಾಗಿ ಬದಲಾಗುತ್ತದೆ, ಒಂದೇ ಆಧಾರದ ಮೇಲೆ ಎಷ್ಟೋ ಹೊತ್ತು ನಿಂತಿರುತ್ತದೆ. ಕೆಳಗಿನ ಬೇಸ್‌ನಲ್ಲಿ ಮಾತ್ರ ಕುಂಟುತ್ತಾ ಮುಂದೆ ಸಾಗುವ ಮೂರು ಎಣಿಕೆಯ ಒಂದು ನಡೆ, ಭಾರದ ಗಾಡಿ ಎಳೆದ ಹಾಗೆ. ಇಷ್ಟು ಸಾಕು. ದೂರ, ಬಯಲು, ಒಂಟಿತನ ಎಲ್ಲ ಕಿವಿಗೆ ಬಂದುಬಿಡುತ್ತದೆ. ಗಮಕ ಹುಡುಕಬೇಡಿ, ಇಲ್ಲಿ ಸ್ವರ ನೇರವಾಗಿ ನಿಲ್ಲುವುದೇ ಅದರ ಗುಣ.

ಒಂದು ತಮಾಷೆ ಗೊತ್ತಾ? ಈ ಬ್ಯಾಲೆಯ ದೊಡ್ಡ ಭಾಗವನ್ನು ಕಾಪ್ಲಂಡ್ ಬರೆದದ್ದು ಪ್ಯಾರಿಸ್‌ನಲ್ಲಿ ಕೂತು. ಬರೆಸಿದ ಲಿಂಕನ್ ಕರ್ಸ್ಟೈನ್ ಅವನ ಕೈಗೆ ಕೌಬಾಯ್ ಹಾಡುಗಳ ಪುಸ್ತಕ ತುರುಕಿ ಕಳಿಸಿದ್ದ. ಆ ಹಾಡುಗಳ ಬಗ್ಗೆ ಕಾಪ್ಲಂಡ್‌ಗೆ ದೊಡ್ಡ ಪ್ರೀತಿಯೇನೂ ಇರಲಿಲ್ಲ, ಅದನ್ನು ಬಚ್ಚಿಡಲೂ ಇಲ್ಲ. ಬಹುಶಃ ಅದಕ್ಕೇ ಅವುಗಳನ್ನು ಮುದ್ದು ಮಾಡದೆ, ಮುರಿದು, ತಾಳ ತಪ್ಪಿಸಿ, ಪಕ್ಕಪಕ್ಕ ಜೋಡಿಸಿ ಬಳಸಿದ. ವಲಸಿಗರ ವಸತಿಯ ಗಡಿಯಲ್ಲಿದ್ದ ಪಟ್ಟಣದ ಬೀದಿಯ ದೃಶ್ಯದಲ್ಲಿ ಒಂದು ಪಿಕಲೋ ಸಿಳ್ಳೆ ಹೊಡೆಯುವ ಹಾಗೆ ಹಾಡು ಶುರು ಮಾಡುತ್ತದೆ, ಆಮೇಲೆ ಒಂದರ ಮೇಲೊಂದು ಹಾಡು ಬಂದು ಬೀಳುತ್ತವೆ. ಮಧ್ಯೆ ಐದು ಎಣಿಕೆಯ ಮೆಕ್ಸಿಕನ್ ನೃತ್ಯ ಇದೆ, ಖಂಡ ನಡೆ ಗೊತ್ತಿರುವ ನಮಗೆ ಇದು ಸಲೀಸು, ಪಾಶ್ಚಾತ್ಯ ಕೇಳುಗರಿಗೇ ಸ್ವಲ್ಪ ಎಡವಟ್ಟು. ಈ ಮುರಿದ ಲಯದಲ್ಲಿ ಪ್ಯಾರಿಸ್‌ನಲ್ಲಿ ಅವನು ಕಿವಿ ತುಂಬಿಕೊಂಡಿದ್ದ ರಷ್ಯನ್ ರಚನೆಕಾರ ಸ್ಟ್ರಾವಿನ್‌ಸ್ಕಿಯ ಗುರುತು ಚೆನ್ನಾಗಿ ಕಾಣುತ್ತದೆ. ಬಿಲ್ಲಿ ಸಿಕ್ಕಿಬಿದ್ದ ಮೇಲೆ ಊರವರು ಕುಣಿಯುವ ದೃಶ್ಯವಂತೂ ನನಗೆ ಇಡೀ ಕೃತಿಯಲ್ಲೇ ಇಷ್ಟ. ಮೇಲಿನ ಹಾಡು ಒಂದು ಶ್ರುತಿ, ಕೆಳಗಿನ ಬೇಸ್ ಇನ್ನೊಂದು ಶ್ರುತಿ. ಸಂಭ್ರಮ ಅನ್ನುವುದು ಹುಳಿ ಹಿಡಿದ ಹಾಗೆ ಕೇಳಿಸುತ್ತದೆ. ಒಬ್ಬನನ್ನು ಹಿಡಿದು ಕಟ್ಟಿ ಕುಣಿಯುವ ಜನರ ಬಗ್ಗೆ ಕಾಪ್ಲಂಡ್‌ಗೆ ಏನನಿಸಿತು ಅಂತ ಬೇರೆ ಹೇಳಬೇಕಿಲ್ಲ.

ಇತಿಹಾಸದ ಬಿಲ್ಲಿ ಬೇರೆ, ಬ್ಯಾಲೆಯ ಬಿಲ್ಲಿ ಬೇರೆ ಅನ್ನುವುದೂ ನೆನಪಿರಲಿ. ಬ್ಯಾಲೆಯಲ್ಲಿ ಅವನ ತಾಯಿ ಬೀದಿ ಜಗಳದ ಗುಂಡಿಗೆ ಬಲಿಯಾಗುತ್ತಾಳೆ, ಹುಡುಗ ಅಲ್ಲೇ ಚಾಕು ಎತ್ತುತ್ತಾನೆ. ನಿಜದಲ್ಲಿ ಆಕೆ 1874ರಲ್ಲಿ ಕ್ಷಯದಿಂದ ಸತ್ತಳು. 1881ರ ಜುಲೈ 14ರ ರಾತ್ರಿ ನ್ಯೂ ಮೆಕ್ಸಿಕೊದ ಫೋರ್ಟ್ ಸಮ್ನರ್‌ನಲ್ಲಿ ಶೆರಿಫ್ ಪ್ಯಾಟ್ ಗ್ಯಾರೆಟ್ ಬಿಲ್ಲಿಯನ್ನು ಗುಂಡಿಕ್ಕಿ ಕೊಂದಾಗ ಅವನಿಗೆ ಇಪ್ಪತ್ತೊಂದರ ಆಸುಪಾಸು. ಅವನು ಹುಟ್ಟಿದ್ದೂ ಕಾಪ್ಲಂಡ್‌ನ ಹಾಗೆ ನ್ಯೂಯಾರ್ಕಿನಲ್ಲೇ ಅಂತ ಬಹಳ ಜನ ನಂಬುತ್ತಾರೆ.

ಕಾಪ್ಲಂಡ್‌ಗಿಂತ ಮುಂಚೆ ಯಾರೂ ಇರಲಿಲ್ಲವೇ ಅಂದರೆ, ಇದ್ದರು. ಚೆಕ್ ಸಂಗೀತಗಾರ ಡ್ವೋರ್ಜಾಕ್ 1892ರಿಂದ 1895ರವರೆಗೆ ನ್ಯೂಯಾರ್ಕಿನಲ್ಲಿ ಸಂಗೀತ ಶಾಲೆಯೊಂದರ ನಿರ್ದೇಶಕನಾಗಿದ್ದ. ಅವನ 'ನ್ಯೂ ವರ್ಲ್ಡ್' ಸಿಂಫನಿ 1893ರ ಡಿಸೆಂಬರ್‌ನಲ್ಲಿ ಕಾರ್ನೆಗಿ ಹಾಲ್‌ನಲ್ಲಿ ಮೊದಲು ನುಡಿಯಿತು. ಅದರ ನಿಧಾನ ಭಾಗದಲ್ಲಿ ಕೋರ್ ಆಂಗ್ಲೇ ಎಂಬ ಊದುವಾದ್ಯ ಒಂದು ಹಾಡು ನುಡಿಸುತ್ತದೆ. ನೀವು ಕೇಳಿದ ಕೂಡಲೇ, ಅರೆ, ಇದು ಮೋಹನದ ಸ್ವರಗಳಲ್ವಾ ಅನ್ನುತ್ತೀರಿ. ಐದು ಸ್ವರದ ರಾಗಗಳು ಜಗತ್ತಿನ ಎಲ್ಲ ಕಡೆ ಇವೆ, ಹಾಗಾಗಿ ಅದನ್ನು ಅಮೆರಿಕದ್ದು ಅನ್ನಬಹುದು, ಬೊಹೀಮಿಯಾದ್ದು ಅನ್ನಬಹುದು. ಅದೇ ವರ್ಷದ ಬೇಸಿಗೆಯನ್ನು ಅವನು ಅಯೋವಾದ ಸ್ಪಿಲ್‌ವಿಲ್ ಎಂಬ ಚೆಕ್ ವಲಸಿಗರ ಹಳ್ಳಿಯಲ್ಲಿ ಕಳೆದ. ಆದರೆ ಸಿಂಫನಿಯನ್ನು ಹೆಚ್ಚುಕಡಿಮೆ ಬರೆದು ಮುಗಿಸಿಯೇ ಆ ಬಯಲು ಸೀಮೆಗೆ ಹೋಗಿದ್ದು. ಇಲ್ಲೂ ಬಯಲು ಆಮೇಲೆ ಬಂತು, ನೋಡಿ.

ಫರ್ಡಿ ಗ್ರೊಫೆಯ 'ಗ್ರ್ಯಾಂಡ್ ಕ್ಯಾನ್ಯನ್ ಸೂಟ್' 1931ರದ್ದು. ಐದು ಭಾಗ, ಸೂರ್ಯೋದಯದಿಂದ ಗುಡುಗುಮಳೆಯವರೆಗೆ. ಕತ್ತೆಯ ಗೊರಸಿನ ಸದ್ದಿಗೆ ತೆಂಗಿನ ಚಿಪ್ಪು, ಬಿರುಗಾಳಿಗೆ ಗಾಳಿ ಯಂತ್ರ. ಇದು ಪ್ರವಾಸಿಗರ ಕಾರ್ಡಿನ ಚಿತ್ರದ ಹಾಗೆ, ಚಂದ, ಒಮ್ಮೆ ಕೇಳಿದರೆ ಸಾಕು. ವರ್ಜಿಲ್ ಥಾಮ್ಸನ್ ಹಾಗಲ್ಲ, ಅವನಿಗೆ ಸಿಗಬೇಕಾದ ಹೆಸರು ಸಿಕ್ಕಿಲ್ಲ. ಮಿಸೌರಿಯ ಕಾನ್ಸಸ್ ಸಿಟಿಯವನು, ಅವನೂ ಬುಲಾಂಜೆಯ ಶಿಷ್ಯ. 1936ರಲ್ಲಿ 'ದಿ ಪ್ಲೌ ದಟ್ ಬ್ರೋಕ್ ದ ಪ್ಲೇನ್ಸ್' ಎಂಬ ಸರ್ಕಾರಿ ಸಾಕ್ಷ್ಯಚಿತ್ರಕ್ಕೆ ಸಂಗೀತ ಕೊಟ್ಟ. ಹುಲ್ಲುಬಯಲನ್ನು ಮಿತಿಮೀರಿ ಉತ್ತು, ಮಣ್ಣು ಧೂಳಾಗಿ ಹಾರಿಹೋಗಿ, ರೈತರು ಊರು ಬಿಟ್ಟ ಕಥೆ ಅದು. ಚರ್ಚಿನ ಹಾಡು, ಕೌಬಾಯ್ ಹಾಡು, ಬ್ಯಾಂಜೋ ಎಲ್ಲ ಬೆರೆಸಿ, ಒಂದು ಸ್ವರವೂ ಜಾಸ್ತಿ ಹಾಕದೆ ಬರೆದ. ಕಾಪ್ಲಂಡ್‌ನ ಬಿಲ್ಲಿಗೆ ಎರಡು ವರ್ಷ ಮುಂಚೆಯೇ ದಾರಿ ತೋರಿಸಿದ್ದು ಇದು. ಬಯಲನ್ನು ಹೊಗಳದೆ, ಅದು ಹಾಳಾದದ್ದನ್ನು ಹೇಳುವ ಅಪರೂಪದ ಸಂಗೀತ ಕೂಡ.

ಗಡಿಸೀಮೆಯಲ್ಲೇ ನಿಜವಾಗಿ ಹುಟ್ಟಿದವನು ರಾಯ್ ಹ್ಯಾರಿಸ್. 1898ರಲ್ಲಿ ಓಕ್ಲಹೋಮಾದ ಲಿಂಕನ್ ಕೌಂಟಿಯಲ್ಲಿ, ಮರದ ದಿಮ್ಮಿಯ ಗುಡಿಸಲಿನಲ್ಲಿ. ಮೂಲನಿವಾಸಿಗಳ ನೆಲವನ್ನು ಸರ್ಕಾರ ವಲಸಿಗರಿಗೆ ತೆರೆದುಕೊಟ್ಟು ಕೆಲವೇ ವರ್ಷ ಆಗಿದ್ದ ಜಾಗ ಅದು. ಆಮೇಲೆ ಕುಟುಂಬ ಕ್ಯಾಲಿಫೋರ್ನಿಯಾಗೆ ಹೋಯಿತು, ಅವನು ಹಾಲಿನ ಲಾರಿ ಓಡಿಸಿದ, ಕೊನೆಗೆ ಪ್ಯಾರಿಸ್‌ಗೆ ಹೋಗಿ ಅದೇ ಬುಲಾಂಜೆ ಹತ್ತಿರ ಕೂತ. (ಅಮೆರಿಕದ ಬಯಲಿನ ಸಂಗೀತಕ್ಕೆ ಪಾಠಶಾಲೆ ಆಗಿದ್ದು ಪ್ಯಾರಿಸ್‌ನ ಒಂದು ಮನೆ ಅಂದರೆ ಉತ್ಪ್ರೇಕ್ಷೆ ಆಗಲಾರದು.) 1939ರ ಅವನ ಮೂರನೇ ಸಿಂಫನಿ ಹದಿನೆಂಟು ನಿಮಿಷದ ಆಸುಪಾಸಿನದು, ನಿಲ್ಲದೆ ಒಂದೇ ಓಟ. ಚೆಲ್ಲೋಗಳ ಒಂದು ಉದ್ದನೆಯ ರಾಗಸಾಲು ಎಲ್ಲೂ ತಿರುಗಿ ನೋಡದೆ ಬೆಳೆಯುತ್ತಾ ಹೋಗುತ್ತದೆ. ಇದರಲ್ಲಿ ಒಂದೂ ಕೌಬಾಯ್ ಹಾಡಿಲ್ಲ, ಕುದುರೆ ಓಟವೂ ಇಲ್ಲ. ಗಡಿಯಲ್ಲಿ ಹುಟ್ಟಿದವನಿಗೆ ಆ ವೇಷ ಬೇಕಾಗಲಿಲ್ಲ ಅಂತ ನಾನು ಅಂದುಕೊಳ್ಳುತ್ತೇನೆ. ಮುಂದೆ ಜನಪದ ಹಾಡು ತುಂಬಿದ ಸಿಂಫನಿಯನ್ನೂ ಅವನು ಬರೆದ, ನಿಜ. ಆದರೆ ಜನ ಇಂದಿಗೂ ನುಡಿಸುವುದು ಮೂರನೆಯದನ್ನೇ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಮಾತಿಗೆ ಬರುತ್ತೇನೆ. ಈ ಸಂಗೀತದಲ್ಲಿ ನಿಜವಾದ ಹಳ್ಳಿಯ ಮನುಷ್ಯರು ಎಲ್ಲಿದ್ದಾರೆ? ಇದ್ದಾರೆ, ಆದರೆ ಅವರ ಹೆಸರು ಕಾರ್ಯಕ್ರಮದ ಹಾಳೆಯಲ್ಲಿ ಬರುವುದಿಲ್ಲ.

1942ರ 'ರೋಡಿಯೋ' ಬ್ಯಾಲೆ ತಗೊಳ್ಳಿ. ನೃತ್ಯ ಆ್ಯಗ್ನೆಸ್ ಡಿ ಮಿಲ್‌ಳದು, ನಾಯಕಿಯಾಗಿ ಅವಳೇ ಕುಣಿದಳು. ಕುಣಿಸಿದ್ದು ಒಂದು ರಷ್ಯನ್ ಬ್ಯಾಲೆ ತಂಡವನ್ನು, ಅವರಿಗೆಲ್ಲ ಕುದುರೆ ಸವಾರರ ಹಾಗೆ ನಡೆಯಲು ಕಲಿಸುವುದೇ ದೊಡ್ಡ ಪಾಡಾಗಿತ್ತಂತೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾ ಹೌಸ್‌ನಲ್ಲಿ ಮೊದಲ ರಾತ್ರಿ ಪರದೆ 22 ಸಲ ಏರಿತು. ಅದರ ಕೊನೆಯ ಭಾಗ 'ಹೋ-ಡೌನ್' ನಿಮಗೆ ಖಂಡಿತ ಗೊತ್ತಿರುತ್ತದೆ, ಹೆಸರು ಗೊತ್ತಿಲ್ಲದಿದ್ದರೂ. ಅಮೆರಿಕದಲ್ಲಿ ದನದ ಮಾಂಸದ ಟಿವಿ ಜಾಹೀರಾತಿಗೆ ಅದನ್ನೇ ಬಳಸಿದರು.

ಆ ರಾಗ ಕಾಪ್ಲಂಡ್‌ನದಲ್ಲ. 1937ರಲ್ಲಿ ಜನಪದ ಸಂಗ್ರಾಹಕ ಆ್ಯಲನ್ ಲೋಮ್ಯಾಕ್ಸ್ ಕೆಂಟಕಿಯ ಸಾಲಿಯರ್ಸ್‌ವಿಲ್‌ನಲ್ಲಿ ಬಿಲ್ ಸ್ಟೆಪ್ ಎಂಬ ಪಿಟೀಲುಗಾರನನ್ನು ಧ್ವನಿಮುದ್ರಿಸಿಕೊಂಡ. ಅವನು ನುಡಿಸಿದ್ದು 'ಬೊನಪಾರ್ಟ್ಸ್ ರಿಟ್ರೀಟ್' ಎಂಬ ಹಳೆಯ ಧಾಟಿ. ಬೇರೆಯವರು ಅದನ್ನು ಸಾಮಾನ್ಯವಾಗಿ ನಿಧಾನದ ನಡೆಯಲ್ಲಿ ನುಡಿಸುತ್ತಿದ್ದರು. ಸ್ಟೆಪ್ ಅದನ್ನು ಕುಣಿತದ ವೇಗಕ್ಕೆ ಏರಿಸಿಬಿಟ್ಟಿದ್ದ. ಆ ಮುದ್ರಣವನ್ನು ಕೇಳಿ ಸ್ವರಪ್ರಸ್ತಾರ ಬರೆದವಳು ರೂಥ್ ಕ್ರಾಫರ್ಡ್ ಸೀಗರ್, ಅವಳೂ ಒಳ್ಳೆಯ ಸಂಗೀತ ರಚನೆಕಾರ್ತಿ. ಸ್ಟೆಪ್ ಎಲ್ಲೆಲ್ಲಿ ಬಿಲ್ಲು ಒತ್ತಿದ್ದಾನೆ ಅನ್ನುವುದರವರೆಗೆ ಕಿವಿಗೊಟ್ಟು ಬರೆದಳು. 1941ರಲ್ಲಿ ಅದು ಪುಸ್ತಕದಲ್ಲಿ ಅಚ್ಚಾಯಿತು. ಮರುವರ್ಷ ಕಾಪ್ಲಂಡ್ ಆ ಪುಟದಿಂದ ಹೆಚ್ಚುಕಡಿಮೆ ಸ್ವರಕ್ಕೆ ಸ್ವರ ಎತ್ತಿಕೊಂಡು ಆರ್ಕೆಸ್ಟ್ರಾಗೆ ಹಾಕಿದ. ಹಾಗೆ ಎತ್ತಿಕೊಳ್ಳುವುದು ತಪ್ಪು ಅನ್ನುತ್ತಿಲ್ಲ, ಎಲ್ಲ ದೇಶದ ರಚನೆಕಾರರೂ ಮಾಡಿದ್ದಾರೆ. ಅವನು ಸೇರಿಸಿದ ತಾಳದ ಕೊಕ್ಕೆ, ಇದ್ದಕ್ಕಿದ್ದ ಹಾಗೆ ನಿಲ್ಲುವ ಜಾಗ, ಅದೆಲ್ಲ ಅವನದೇ ಜಾಣತನ. ಆದರೆ ಅದರ ಎದೆಬಡಿತ ಮಾತ್ರ ಕೆಂಟಕಿಯ ಆ ಪಿಟೀಲಿನದು. ಅಂದಹಾಗೆ ಕೆಂಟಕಿ ಕೌಬಾಯ್ ನಾಡಲ್ಲ, ಅದು ಪೂರ್ವದ ಅಪಲಾಚಿಯನ್ ಬೆಟ್ಟದ ಸೀಮೆ. ಪಶ್ಚಿಮದ ಬಯಲು ಅಂತ ನಾವು ಕೇಳುತ್ತಿರುವುದು ಪೂರ್ವದ ಬೆಟ್ಟದ ಸಂಗೀತ.

ಮೇಲೆ ಹೇಳಿದ ಷಡ್ಜ-ಪಂಚಮದ ಗುಟ್ಟಿಗೂ ಈ ಪಿಟೀಲಿಗೂ ನಂಟಿದೆ. ಪಾಶ್ಚಾತ್ಯ ಪಿಟೀಲಿನ ನಾಲ್ಕು ತಂತಿಗಳ ನಡುವಿನ ಅಂತರ ಪ್ರತಿಯೊಂದೂ ಸ-ಪ. ನಮ್ಮ ಕರ್ನಾಟಕ ಪಿಟೀಲನ್ನು ಸ ಪ ಸ ಪ ಅಂತ ಸೇರಿಸುತ್ತೇವೆ, ಅವರದು ಹಾಗಲ್ಲ, ಪಂಚಮದ ಮೇಲೆ ಪಂಚಮ ಏರುತ್ತಾ ಹೋಗುತ್ತದೆ. ಹಳ್ಳಿಯ ಕುಣಿತ ಶುರುವಾಗುವ ಮುಂಚೆ ಪಿಟೀಲುಗಾರ ಶ್ರುತಿ ನೋಡಿಕೊಳ್ಳುವಾಗ ಕೇಳುವುದೇ ಆ ಬಿಡಿ ತಂತಿಗಳ ಸದ್ದು. 'ರೋಡಿಯೋ'ದ 'ಸ್ಯಾಟರ್ಡೇ ನೈಟ್ ವಾಲ್ಟ್ಸ್' ಭಾಗವನ್ನು ಕಾಪ್ಲಂಡ್ ಶುರು ಮಾಡಿದ್ದೇ ಹಾಗೆ, ಇಡೀ ಆರ್ಕೆಸ್ಟ್ರಾದ ತಂತಿವಾದ್ಯಗಳು ಶ್ರುತಿ ಸೇರಿಸುತ್ತಿರುವ ಹಾಗೆ.

ಇನ್ನೊಂದು ಹೆಸರು ಚಾರ್ಲಿ ವಿಲಿಸ್. ಟೆಕ್ಸಸ್‌ನ ಕಪ್ಪು ಕೌಬಾಯ್, ಗುಲಾಮಗಿರಿಯಿಂದ ಬಿಡುಗಡೆಯಾಗಿ ದನದ ಮಂದೆಗಳ ಜೊತೆ ಉತ್ತರಕ್ಕೆ ಹೋದವನು. ಜೆಸ್ ಮಾರಿಸ್ ಎಂಬ ಬಿಳಿಯ ಪಿಟೀಲುಗಾರ 'ಗುಡ್‌ಬೈ ಓಲ್ಡ್ ಪೇಂಟ್' ಹಾಡನ್ನು ಆ್ಯಲನ್‌ನ ತಂದೆ ಜಾನ್ ಲೋಮ್ಯಾಕ್ಸ್‌ಗೆ ಹಾಡಿಕೊಟ್ಟಾಗ, ಇದನ್ನು ಚಿಕ್ಕವನಿದ್ದಾಗ ಚಾರ್ಲಿಯಿಂದ ಕಲಿತೆ ಅಂತ ಸ್ಪಷ್ಟವಾಗಿ ಹೇಳಿದ. ಈ ಹಾಡು 'ಬಿಲ್ಲಿ ದ ಕಿಡ್'ನ ಬೀದಿ ದೃಶ್ಯದಲ್ಲಿ ಬರುತ್ತದೆ. ಇತಿಹಾಸಕಾರರ ಅಂದಾಜಿನಲ್ಲಿ ಕೌಬಾಯ್‌ಗಳಲ್ಲಿ ನಾಲ್ಕರಲ್ಲಿ ಒಬ್ಬ ಕಪ್ಪು ಜನಾಂಗದವನು, ಮೆಕ್ಸಿಕನ್ನರೂ ಬೇಕಾದಷ್ಟು ಇದ್ದರು. ಸಿನಿಮಾದ ತೆರೆಯ ಮೇಲೆ ಅವರು ಕಾಣುವುದಿಲ್ಲ, ಹಾಡಿನೊಳಗೆ ಮಾತ್ರ ಇದ್ದಾರೆ.

ಮೂಲನಿವಾಸಿಗಳ ಪಾಡು ಇನ್ನೂ ಕೆಟ್ಟದ್ದು. ಬಯಲು ಖಾಲಿ ಅಂತ ಹೇಳುವ ಸಂಗೀತದಲ್ಲಿ ಅಲ್ಲಿ ಮೊದಲೇ ಇದ್ದವರಿಗೆ ಜಾಗ ಎಲ್ಲಿ? ಹಾಲಿವುಡ್‌ನಲ್ಲಿ ಅವರು ಬಂದರು ಅಂದರೆ ಒಂದೇ ಗುರುತು: ಧಂ-ಧಮ-ಧಮ-ಧಮ ಅಂತ ಒಂದೇ ಸಮನೆ ಡೋಲು, ಅದರ ಮೇಲೆ ಸಪಾಟಾದ ಐದು ಸ್ವರದ ರಾಗ. ವಲಸಿಗರಿಗೆ ಸ್ವಾತಂತ್ರ್ಯ ಅನಿಸುವ ಅದೇ ಗಾಂಧಾರವಿಲ್ಲದ ಸದ್ದಿಗೆ ಒಂದು ಡೋಲು ಸೇರಿಸಿದರೆ ಅಪಾಯ ಅಂತ ಅರ್ಥವಾಗುವ ಹಾಗೆ ಕೇಳುಗರ ಕಿವಿಯನ್ನು ಪಳಗಿಸಿದರು. ಯಾವ ಬುಡಕಟ್ಟಿನ ಸಂಗೀತವೂ ಹಾಗಿಲ್ಲ. ಈಗ ಆ ಜನರಲ್ಲೇ ಆರ್ಕೆಸ್ಟ್ರಾಗೆ ಬರೆಯುವವರು ಇದ್ದಾರೆ. ಓಕ್ಲಹೋಮಾದಲ್ಲಿ 1968ರಲ್ಲಿ ಹುಟ್ಟಿದ ಚಿಕಸಾ ಜನಾಂಗದ ಜೆರಾಡ್ ಟೇಟ್ ಅವರಲ್ಲಿ ಒಬ್ಬ. ಅವನ ಜನರನ್ನು 1837ರ ಸುಮಾರಿಗೆ ಮಿಸಿಸಿಪ್ಪಿ ಕಡೆಯ ನೆಲದಿಂದ ಎಬ್ಬಿಸಿ ಪಶ್ಚಿಮಕ್ಕೆ ಕಳಿಸಿದ್ದರು. 'ಟ್ರೇಸಿಂಗ್ ಮಿಸಿಸಿಪ್ಪಿ' ಎಂಬ ಅವನ ಕೊಳಲು ಕಾನ್ಸರ್ಟೊ (ಕೊಳಲು ಮುಂದೆ, ಆರ್ಕೆಸ್ಟ್ರಾ ಜೊತೆಗೆ) ಆ ಹಳೆಯ ನೆಲವನ್ನು ನೆನೆಯುತ್ತದೆ. ಕಾಪ್ಲಂಡ್ ಕೇಳಿದ ಮೇಲೆ ಇದನ್ನು ಕೇಳಿ, ಬಯಲು ಖಾಲಿ ಇರಲಿಲ್ಲ ಅನ್ನುವುದು ಕಿವಿಗೇ ಗೊತ್ತಾಗುತ್ತದೆ.

ಸಿನಿಮಾಗೆ ಇದೆಲ್ಲ ಹೇಗೆ ಬಂತು ಅನ್ನುವುದು ಚಿಕ್ಕ ಕಥೆ. ಸಿಂಫನಿ ಹಾಲ್‌ನಲ್ಲಿ ಕಾಪ್ಲಂಡ್ ಮಾಡಿದ್ದನ್ನು ಐವತ್ತರ ದಶಕದ ಹೊತ್ತಿಗೆ ಹಾಲಿವುಡ್ ಎತ್ತಿಕೊಂಡಿತು. 1958ರ 'ದಿ ಬಿಗ್ ಕಂಟ್ರಿ' ಶುರುವಿನಲ್ಲಿ ಪಿಟೀಲುಗಳು ಗಾಡಿಯ ಚಕ್ರದ ಹಾಗೆ ಗಿರ್ರನೆ ತಿರುಗುತ್ತವೆ, ಮೇಲೆ ಕಹಳೆ. ಬರೆದ ಜೆರೋಮ್ ಮಾರಾಸ್ ಬ್ರೂಕ್ಲಿನ್ ಹುಡುಗ, ಕಾಪ್ಲಂಡ್ ಜೊತೆ ಕೆಲಸ ಮಾಡಿದವನು. 1960ರ 'ದಿ ಮ್ಯಾಗ್ನಿಫಿಸೆಂಟ್ ಸೆವೆನ್' ಎಲ್ಮರ್ ಬರ್ನ್‌ಸ್ಟೈನ್‌ನದು, ಅವನೂ ನ್ಯೂಯಾರ್ಕಿನವನು, ಚಿಕ್ಕ ವಯಸ್ಸಿನಲ್ಲೇ ಕಾಪ್ಲಂಡ್‌ನಿಂದ ಬೆನ್ನು ತಟ್ಟಿಸಿಕೊಂಡವನು. ಆ ರಾಗ ಆಮೇಲೆ ಮಾರ್ಲ್‌ಬರೋ ಸಿಗರೇಟಿನ ಜಾಹೀರಾತಿಗೆ ಹೋಗಿ, ಸಿನಿಮಾ ನೋಡದವರಿಗೂ ಬಾಯಿಪಾಠ ಆಯಿತು. ಡಿಮಿಟ್ರಿ ಟಿಯೊಂಕಿನ್ ಈಗಿನ ಉಕ್ರೇನ್‌ನಲ್ಲಿ ಹುಟ್ಟಿದವನು, ಅವನ ಕೌಬಾಯ್ ಸಂಗೀತದಲ್ಲಿ ಆ ಕಡೆಯ ಹುಲ್ಲುಗಾವಲಿನ ನೆನಪೂ ಸೇರಿರಬೇಕು. ನಮ್ಮಲ್ಲಿ ಬಹಳ ಜನರ ಕಿವಿಯಲ್ಲಿರುವ ಕೌಬಾಯ್ ಸಂಗೀತ ಇದಲ್ಲ, ಅದು ಬೇರೆ ಕವಲು. ಸಿಳ್ಳೆ, ಗಿಟಾರ್, ಒಂಟಿ ಮೌತ್ ಆರ್ಗನ್ ಇರುವ ಇಟಲಿಯ ಮೊರಿಕೋನೆ ದಾರಿ. ರಾಮನಗರದ ಬಂಡೆಗಳ ನಡುವೆ ತೆಗೆದ 'ಶೋಲೆ' ಸೇರುವುದೂ ಆ ಕಡೆಗೇ. ಇಟಲಿಯ ದಾರಿಯಲ್ಲಿ ಬಯಲು ಅಂದರೆ ಬೆದರಿಕೆ, ಕಾಪ್ಲಂಡ್ ದಾರಿಯಲ್ಲಿ ಬಯಲು ಅಂದರೆ ಭರವಸೆ. ಎರಡನ್ನೂ ಒಂದೇ ಬುಟ್ಟಿಗೆ ಹಾಕಬೇಡಿ.

ಭರವಸೆ ಅಂದೆ, ಆದರೆ ಆ ಭರವಸೆ ಕೊಟ್ಟವನಿಗೆ ದೇಶ ಏನು ಮಾಡಿತು ಅನ್ನುವುದನ್ನೂ ಹೇಳಬೇಕು. 1953ರ ಜನವರಿಯಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅಧಿಕಾರ ಸ್ವೀಕಾರದ ಸಂಗೀತ ಕಛೇರಿಯಿಂದ ಅವನ 'ಲಿಂಕನ್ ಪೋರ್ಟ್ರೇಟ್' ಕೃತಿಯನ್ನು ಕೈಬಿಟ್ಟರು. ಎಡಪಂಥೀಯರ ಜೊತೆ ಓಡಾಡುತ್ತಿದ್ದ ಅನ್ನುವುದು ಕಾರಣ. ಅದೇ ವರ್ಷ ಸೆನೆಟರ್ ಮೆಕಾರ್ಥಿಯ ಸಮಿತಿ ಕರೆಸಿ ಪ್ರಶ್ನೆ ಕೇಳಿತು. ಅಮೆರಿಕ ಅಂದರೆ ಕಿವಿಗೆ ಹೀಗಿರುತ್ತದೆ ಅಂತ ತೋರಿಸಿದವನೇ ಸಾಕಷ್ಟು ಅಮೆರಿಕನ್ ಅಲ್ಲ ಅಂತ ಅವರಿಗೆ ಅನಿಸಿತು.

ಕೊನೆಗೆ, ಎಲ್ಲಿಂದ ಶುರು ಮಾಡಬೇಕು. 'ಹೋ-ಡೌನ್' ಮೊದಲು ಕೇಳಿ, ನಾಲ್ಕು ನಿಮಿಷವೂ ಇಲ್ಲ. ಅದಾದ ಕೂಡಲೇ ಬಿಲ್ ಸ್ಟೆಪ್‌ನ 1937ರ ಮುದ್ರಣ ಹುಡುಕಿ, ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಎರಡನ್ನೂ ಬೆನ್ನುಬೆನ್ನಿಗೆ ಕೇಳಿದರೆ ನಾನು ಇಷ್ಟು ಹೊತ್ತು ಬರೆದದ್ದು ಅರ್ಧ ವ್ಯರ್ಥ ಅನಿಸುತ್ತದೆ, ಅಷ್ಟು ಸ್ಪಷ್ಟ. ಆಮೇಲೆ 'ಅಪಲಾಚಿಯನ್ ಸ್ಪ್ರಿಂಗ್'. ದೊಡ್ಡ ಆರ್ಕೆಸ್ಟ್ರಾದ ರೂಪ ಜಾಸ್ತಿ ಸಿಗುತ್ತದೆ, ಆದರೆ ಸಾಧ್ಯವಾದರೆ ಹದಿಮೂರು ವಾದ್ಯಗಳ ಮೂಲ ರೂಪ ಕೇಳಿ. ಒಂದು ಕೊಳಲು, ಒಂದು ಕ್ಲಾರಿನೆಟ್, ಒಂದು ಬಸೂನ್, ಪಿಯಾನೋ, ಉಳಿದದ್ದು ತಂತಿವಾದ್ಯ. ಆ ನೃತ್ಯ ವೇದಿಕೆಯ ಕೆಳಗೆ ಅದಕ್ಕಿಂತ ಜಾಸ್ತಿ ಜನಕ್ಕೆ ಜಾಗ ಇರಲಿಲ್ಲ. ಅದರಲ್ಲಿ ಬರುವ 'ಸಿಂಪಲ್ ಗಿಫ್ಟ್ಸ್' ಎಂಬ ಶೇಕರ್ ಪಂಥದ ಹಾಡು 1848ರದ್ದು, ಶಂಕರಾಭರಣದ ಸ್ವರಗಳಲ್ಲಿ ನೇರವಾಗಿ ನಡೆಯುತ್ತದೆ. ಅದನ್ನು ಐದು ಸಲ ವೇಷ ಬದಲಿಸಿ ತರುತ್ತಾನೆ, ಪ್ರತಿಸಲವೂ ಯಾವ ವಾದ್ಯ ಅಂತ ಗುರುತಿಸಲು ನೋಡಿ, ವಾದ್ಯಗಳ ಪರಿಚಯಕ್ಕೆ ಇದಕ್ಕಿಂತ ಒಳ್ಳೆ ಪಾಠ ಇಲ್ಲ. ಆಮೇಲೆ 'ಬಿಲ್ಲಿ ದ ಕಿಡ್' ಸೂಟ್, ಅಂದರೆ ಬ್ಯಾಲೆಯಿಂದ ಆರಿಸಿದ ಭಾಗಗಳ ಮಾಲೆ, ಸುಮಾರು ಇಪ್ಪತ್ತು ನಿಮಿಷ. ಲಿಯೊನಾರ್ಡ್ ಬರ್ನ್‌ಸ್ಟೈನ್ ನ್ಯೂಯಾರ್ಕ್ ಫಿಲ್‌ಹಾರ್ಮೊನಿಕ್ ಜೊತೆ ಮಾಡಿದ ಮುದ್ರಣದಲ್ಲಿ ಹುರುಪು ಹೆಚ್ಚು, ಮೈಕಲ್ ಟಿಲ್ಸನ್ ಥಾಮಸ್ ಸ್ಯಾನ್ ಫ್ರಾನ್ಸಿಸ್ಕೋ ಸಿಂಫನಿ ಜೊತೆ ಮಾಡಿದ್ದರಲ್ಲಿ ಪ್ರತಿ ವಾದ್ಯವೂ ಬಿಡಿಬಿಡಿಯಾಗಿ ಕೇಳಿಸುತ್ತದೆ. ರಾಯ್ ಹ್ಯಾರಿಸ್‌ನ ಮೂರನೇ ಸಿಂಫನಿ ಇವೆಲ್ಲ ಆದ ಮೇಲೆ, ಆತುರ ಇಲ್ಲದ ದಿನ.

ಇಯರ್‌ಫೋನ್ ಹಾಕಿಕೊಂಡು ಕೇಳುವವರಾದರೆ ಒಂದು ಎಚ್ಚರಿಕೆ. 'ಬಿಲ್ಲಿ'ಯ ಆರಂಭ ತುಂಬಾ ಮೆಲ್ಲಗಿದೆ. ಕೇಳಿಸುತ್ತಿಲ್ಲ ಅಂತ ವಾಲ್ಯೂಮ್ ಏರಿಸಿ ಹಾಗೇ ಬಿಟ್ಟಿರಬೇಡಿ, ರಾತ್ರಿಯ ಇಸ್ಪೀಟು ಆಟ ಮುಗಿದು ಗುಂಡಿನ ಕಾಳಗ ಶುರುವಾದಾಗ ಆ ದೊಡ್ಡ ಡ್ರಮ್ಮು ಕಿವಿ ಕಿತ್ತುಹೋಗುವ ಹಾಗೆ ಬಡಿಯುತ್ತದೆ.